ಒಂದು ಕುಟುಂಬಕ್ಕೆ ಒಂದೇ ಕೂಪನ್

ಮೂರನೇ ಕೌಂಟರಿನಲ್ಲಿ ಹಗಲಿಡೀ ನಿಂತೇ ಸೇವೆ ಸಲ್ಲಿಸುತ್ತಿರುವ ಬಿಲ್ಲಿಂಗ್ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಗಾಜಿನ ಮುಖ ಧೂಳಿಲ್ಲದೆ ಹೊಳೆಯುತ್ತಿದೆಯೆಂದೂ, ಹೊಟ್ಟೆಯೊಳಗಿನ ಕಾಗದದ ಸುರುಳಿ ಸಲೀಸಾಗಿ ತಿರುಗುತ್ತಿದೆಯೆಂದೂ, ಹೋದ ವಾರ ಯಾರೋ ಪುಣ್ಯಾತ್ಮರು ತಮ್ಮ ತೂಕದ ತಟ್ಟೆಯ ಮೇಲೆ ಚೆಲ್ಲಿದ ಹಣ್ಣಿನ ರಸದ ಅಂಟು ಈಗ ಪೂರ್ತಿ ಬಿಟ್ಟಿದೆಯೆಂದೂ ನಂಬಿ, ಇಲ್ಲವಾದರೆ ಬೇಗ ಬಿಡಲೆಂದು ಹಾರೈಸಿ, ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಎಡಬಲದಲ್ಲಿರುವ ಎರಡನೇ ಮತ್ತು ನಾಲ್ಕನೇ ಯಂತ್ರಗಳಿಗೂ ನನ್ನ ನಮಸ್ಕಾರ ತಿಳಿಸಬೇಕಾಗಿ ಕೋರಿಕೆ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ, ಏಕೆಂದರೆ ಅವರು ಕೆಟ್ಟು ನಿಂತು ಎಂಟು ತಿಂಗಳಾಯಿತು.

ತಮಗೆ ನನ್ನ ಹೆಸರು ಗೊತ್ತಿರಲಾರದು, ಆದರೆ ಮುಖ ಮರೆತಿರಲಿಕ್ಕಿಲ್ಲ. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಕಂಕುಳಲ್ಲಿ ನೀಲಿ ಫೈಲು, ಕಿವಿಯ ಮೇಲೆ ಗುರುತು ಹಾಕುವ ಪೆನ್ಸಿಲು, ಅಂಗಿಯ ತೋಳಿನಲ್ಲಿ ತೆಗೆಯಲು ಮರೆತ ಎರಡು ಗುಂಡುಸೂಜಿ ಸಮೇತ ತಮ್ಮೆದುರು ಬಂದು ನಿಲ್ಲುವ, ಐವತ್ತು ದಾಟಿದ ಗಂಡಸೇ ನಾನು. ಕಸುಬಿನಿಂದ ದರ್ಜಿ. ಹೊಸ ಬಟ್ಟೆ ಹೊಲಿಯುವ ದೊಡ್ಡಸ್ತಿಕೆಯವನಲ್ಲ. ಜನ ಆಸೆಪಟ್ಟು ಕೊಂಡ ಬಟ್ಟೆ ಮೈಗೆ ಕೂರದಿದ್ದಾಗ, ಉದ್ದವಿದ್ದರೆ ಕತ್ತರಿಸಿ, ಬಿಗಿಯಿದ್ದರೆ ಬಿಡಿಸಿ, ಸಡಿಲವಿದ್ದರೆ ಹಿಡಿದು, ಅವರ ಆಸೆಗೂ ಅವರ ಹೊಟ್ಟೆಗೂ ರಾಜಿ ಮಾಡಿಸುವವನು. ತಮ್ಮ ಅಂಗಡಿಯಿಂದ ಎರಡು ಬೀದಿ ಆಚೆ, ಬೀಗ ರಿಪೇರಿಯವನ ಪಕ್ಕದ ಕಿರಿದಾದ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರದೊಂದಿಗೆ ಇಪ್ಪತ್ತೆಂಟು ವರ್ಷದಿಂದ ಬಾಳ್ವೆ ಮಾಡುತ್ತಿದ್ದೇನೆ. ಅದೂ ಯಂತ್ರವೇ, ಆದರೆ ಗಿರಾಕಿ ಎದುರಿಗಿರುವಾಗ ನನ್ನ ಮಾನ ತೆಗೆದದ್ದು ಈವರೆಗೆ ಒಂದು ಸಲವೂ ಇಲ್ಲ.

ಹೊಟ್ಟೆಪಾಡಿಗೆ ಬಟ್ಟೆ ಕತ್ತರಿಸುವ ಈ ಕೈ ಖುಷಿಗೆ ಕತ್ತರಿಸುವುದು ಕೂಪನ್ನು. ಭಾನುವಾರದ ಪತ್ರಿಕೆಯ ಹೊಟ್ಟೆಯಿಂದ ಬಣ್ಣಬಣ್ಣದ ಹಾಳೆ ಜಾರಿಬಿದ್ದರೆ ನನಗೆ ಆಗುವ ಸಂತೋಷವನ್ನು ತಮ್ಮಂಥವರಿಗೆ ವಿವರಿಸುವುದು ಕಷ್ಟ. ಚುಕ್ಕಿಗೆರೆಯ ಮೇಲೆ ಕತ್ತರಿ ಹಾಯಿಸಿದರೆ ಒಂದು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನೀಲಿ ಫೈಲಿನಲ್ಲಿ ಹನ್ನೊಂದು ಜೇಬುಗಳಿವೆ: ಸಾಬೂನಿಗೆ ಒಂದು, ಹಲ್ಲಿಗೆ ಒಂದು, ಬಿಸ್ಕತ್ತಿಗೆ ಎರಡು, ಹೀಗೆ. ಎಲ್ಲಕ್ಕಿಂತ ಮುಂದಿನ ಜೇಬಿನ ಮೇಲೆ ‘ಇಂದೋ ನಾಳೆಯೋ’ ಎಂದು ಬರೆದಿದ್ದೇನೆ, ಅದು ಅವಧಿ ಮುಗಿಯುತ್ತ ಬಂದ ಕೂಪನ್ನುಗಳ ಜೇಬು. ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವ ನನ್ನ ಮನೆಯವಳು ಈ ಅಚ್ಚುಕಟ್ಟನ್ನು ಮೆಚ್ಚುತ್ತಲೇ “ನಮ್ಮ ಮದುವೆ ಆದ ದಿನ ಮರೀತೀರಿ, ಶಾಂಪೂ ಕೂಪನ್ನಿನ ಕೊನೇ ದಿನ ಮಾತ್ರ ಮರೆಯಲ್ಲ” ಎಂದು ವರ್ಷಕ್ಕೊಮ್ಮೆ ಹೇಳುತ್ತಾಳೆ. ಯಾವ ದಿನ ಹೇಳುತ್ತಾಳೆ ಎಂಬುದರಿಂದ ನನಗೆ ಮದುವೆಯ ದಿನ ನೆನಪಾಗುತ್ತದೆ.

ಈಗ ದೂರಿಗೆ ಬರುತ್ತೇನೆ. ತಾವು ಬರುವ ಮೊದಲು ಈ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಕೂರುತ್ತಿದ್ದಳು. ಕೂಪನ್ ಕೊಟ್ಟರೆ ಮುಗುಳ್ನಕ್ಕು ತೆಗೆದುಕೊಂಡು ಡ್ರಾಯರಿಗೆ ಹಾಕುತ್ತಿದ್ದಳು, ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ತಾವು ಬಂದ ಮೇಲೆ ಕೂಪನ್ ಎಂಬುದು ಸಾರ್ವಜನಿಕ ಸಮಾರಂಭವಾಗಿದೆ. ನಾನು ಚೀಟಿಯನ್ನು ತಮ್ಮ ಬಾಯಿಗೆ ಇಟ್ಟ ಕೂಡಲೇ ತಮ್ಮ ತಲೆಯ ಮೇಲಿನ ಕೆಂಪು ದೀಪ ಹತ್ತಿಕೊಂಡು ತಿರುಗುತ್ತದೆ, ಟಣ್ ಟಣ್ ಎಂದು ಮೂರು ಸಲ ಗಂಟೆ ಹೊಡೆಯುತ್ತದೆ, ಆಮೇಲೆ ಜೇನಿನಲ್ಲಿ ಅದ್ದಿ ತೆಗೆದ ಧ್ವನಿಯಲ್ಲಿ, ಹಿಂಭಾಗದ ಮೊಟ್ಟೆಯ ಕಪಾಟಿನವರೆಗೂ ಕೇಳುವಂತೆ, “ದಯವಿಟ್ಟು ಕಾಯಿರಿ, ಈ ಗ್ರಾಹಕರು ಕೂಪನ್ ಬಳಸುತ್ತಿದ್ದಾರೆ” ಎಂದು ತಾವು ಸಾರುತ್ತೀರಿ. ಕೊರಳಿಗೆ ಕೀಲಿಕೈ ನೇತುಹಾಕಿಕೊಂಡ ಮೇಲ್ವಿಚಾರಕಿ ಎಲ್ಲಿದ್ದರೂ ಬಂದು, ಚೀಟಿಯನ್ನು ಬೆಳಕಿಗೆ ಹಿಡಿದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೀಲಿ ತಿರುಗಿಸುವವರೆಗೆ ದೀಪ ತಿರುಗುತ್ತಲೇ ಇರುತ್ತದೆ. ಕಂಪನಿಯವರು ತಾವಾಗಿಯೇ ಪತ್ರಿಕೆಯಲ್ಲಿ ಹಾಕಿ, ಬಾ ತಗೋ ಎಂದು ಕರೆದು ಕೊಟ್ಟದ್ದಕ್ಕೆ ತಮ್ಮದು ಈ ಪರಿಯ ತನಿಖೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಮಾಡಿದವರಿಗೆ ತಮ್ಮ ಬಗ್ಗೆ ಮೊದಲೇ ಸುಳಿವು ಸಿಕ್ಕಿರಬೇಕು.

ತಮ್ಮ ಈ ಘೋಷಣೆಯಿಂದ ನನಗೆ ಆಗಿರುವ ಉಪಕಾರಗಳನ್ನೂ ಹೇಳದಿದ್ದರೆ ಕೃತಘ್ನನಾಗುತ್ತೇನೆ. ಬೇರೆಯವರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆಂದು ತಿಳಿಯಲು ಲೋಕದಲ್ಲಿ ಜನ ಕನ್ನಡಿ, ಸ್ನೇಹಿತರು, ವೈರಿಗಳು ಹೀಗೆ ಎಷ್ಟೋ ಖರ್ಚು ಮಾಡುತ್ತಾರೆ. ನನಗೆ ಅದು ಪ್ರತಿ ಶನಿವಾರ ಪುಕ್ಕಟೆ. ಕೆಲವರ ಕಣ್ಣಿಗೆ ನಾನು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಕೆಲವರಿಗೆ ಕಳ್ಳ, ಚೀಟಿಯನ್ನು ಮನೆಯಲ್ಲೇ ಅಚ್ಚುಹಾಕಿಕೊಂಡು ಬಂದಿದ್ದೇನೋ ಎಂದು ಕತ್ತು ಚಾಚಿ ನೋಡುತ್ತಾರೆ. ಹೆಂಗಸೊಬ್ಬಳು ಕೂಪನ್ ಕೊಟ್ಟರೆ ‘ಜಾಣೆ, ಮನೆ ತೂಗಿಸುತ್ತಾಳೆ’ ಎನ್ನುವ ಜನ ಗಂಡಸು ಕೊಟ್ಟರೆ ‘ಪಾಪ, ಕೆಲಸ ಹೋಗಿರಬೇಕು’ ಎಂದು ದನಿ ತಗ್ಗಿಸುತ್ತಾರೆ. ಕಾರಿನಲ್ಲಿ ಬಂದವರು ಫೋನು ತೋರಿಸಿ ಕಡಿಮೆ ಬೆಲೆಗೆ ಪಡೆದರೆ ಅದು ಆಫರ್ರು, ನಡೆದು ಬಂದ ನಾನು ಕಾಗದ ತೋರಿಸಿ ಪಡೆದರೆ ಅದು ದರಿದ್ರ. ಯಾವಾಗಲೂ ನನ್ನ ಹಿಂದೆಯೇ ಬಂದು ಸಿಕ್ಕಿಹಾಕಿಕೊಳ್ಳುವ, ಎರಡು ಲೀಟರ್ ಹಾಲಿನ ಒಬ್ಬ ಮಹನೀಯರಿದ್ದಾರೆ. “ಇವ್ರ ಕೂಪನ್ ಮುಗಿಯೋ ಹೊತ್ತಿಗೆ ನನ್ನ ಹಾಲು ಮೊಸರಾಗಿರತ್ತೆ” ಎಂದು ಅವರು ನನ್ನ ಬೆನ್ನಿಗೆ ಹೇಳುತ್ತಾರೆ.

ನಾನು ತಿರುಗಿ ಉತ್ತರ ಕೊಡುವುದಿಲ್ಲ. ಅವರ ಸೊಂಟದ ಅಳತೆ ನನಗೆ ಗೊತ್ತು. ಮೂರು ವರ್ಷದಲ್ಲಿ ಅದೇ ಕಂದು ಪ್ಯಾಂಟನ್ನು ನಾಲ್ಕು ಸಲ ಬಿಡಿಸಿ ಕೊಟ್ಟಿದ್ದೇನೆ, ಇನ್ನು ಬಿಡಿಸಲು ಒಳಗೆ ಬಟ್ಟೆ ಇಲ್ಲ. ಆ ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನರ ಅಂಗಿಯ ಕಾಲರನ್ನು ಸವೆದ ಮಗ್ಗುಲು ಒಳಗೆ ಹೋಗುವಂತೆ ತಿರುಗಿಸಿ ಹೊಲಿದವನು ನಾನೇ. ದೊಡ್ಡ ಬ್ರಾಂಡಿನ ಪಟ್ಟಿಯನ್ನು ಹಳೇ ಕೋಟಿನಿಂದ ಬಿಚ್ಚಿ ಹೊಸ ಅಗ್ಗದ ಕೋಟಿಗೆ ಹಚ್ಚಿಸಿಕೊಂಡು ಹೋದವರೂ ಅಲ್ಲಿರುತ್ತಾರೆ. ಇಷ್ಟೆಲ್ಲ ತಿಳಿದ ನಾನು ಅಂಗಡಿಯ ಬಾಗಿಲಿಗೆ ಕೆಂಪು ದೀಪ ಕಟ್ಟಿಲ್ಲ, ಗಂಟೆ ಹೊಡೆದು “ಈ ಗ್ರಾಹಕರು ಕಾಲರ್ ತಿರುಗಿಸುತ್ತಿದ್ದಾರೆ” ಎಂದು ಕೂಗಿಲ್ಲ. ಕಸುಬಿಗೊಂದು ಮರ್ಯಾದೆ ಇರುತ್ತದೆಂದು ನಂಬಿದ್ದೇನೆ.

ನಿಜ ಹೇಳಬೇಕೆಂದರೆ ಈ ಕೂಪನ್ನಿನ ಅಭ್ಯಾಸ ಶುರುವಾದದ್ದು ಗತಿ ಇಲ್ಲದೆಯೇ. ಮಗಳಿಗೆ ಆರು ವರ್ಷವಿದ್ದಾಗ ಮೆಟ್ಟಿಲಿನಿಂದ ಬಿದ್ದು ಬಲಗೈ ಮುರಿದುಕೊಂಡೆ. ದರ್ಜಿಯ ಬಲಗೈ ಎಂದರೆ ಅಂಗಡಿಯ ಬಾಗಿಲು. ಐದು ತಿಂಗಳು ಎರಡೂ ಮುಚ್ಚಿದ್ದವು. ಎಡಗೈಯಲ್ಲಿ ಕತ್ತರಿ ಹಿಡಿದು ಮೊದಲು ಕತ್ತರಿಸಿದ್ದು ಹಾಲಿನ ಪುಡಿಯ ಕೂಪನ್ನು, ಅಂಚು ಹಲ್ಲುಹಲ್ಲಾಗಿ ಬಂದಿತ್ತು. ಕೈ ಕೂಡಿತು, ಅಂಗಡಿ ತೆರೆಯಿತು, ಗಿರಾಕಿಗಳು ಬಂದರು; ಆದರೆ ಕೂಪನ್ನು ಮಾತ್ರ ಬಿಡಲಿಲ್ಲ, ಅಷ್ಟರಲ್ಲಿ ಅದು ಕಷ್ಟ ಹೋಗಿ ಆಟವಾಗಿತ್ತು. ಇವತ್ತು ಪೂರ್ತಿ ಬೆಲೆ ಕೊಟ್ಟು ಸೋಪು ಕೊಂಡರೆ ನಾವು ಬೀದಿಗೆ ಬೀಳುವುದಿಲ್ಲ. ಖುಷಿ ಇಲ್ಲ, ಅಷ್ಟೇ.

ಆಟ ಎಂದೆನಲ್ಲ, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ, ತಾವು ಹೇಗೂ ಈಗ ಕಂಡುಹಿಡಿದಿದ್ದೀರಿ. ಪ್ರತಿ ಕೂಪನ್ನಿನ ಕೆಳಗೆ ಇರುವೆಯ ಸಾಲಿನಂಥ ಅಕ್ಷರದಲ್ಲಿ ‘ಒಂದು ಕುಟುಂಬಕ್ಕೆ ಒಂದೇ ಕೂಪನ್’ ಎಂದಿರುತ್ತದೆ. ಆದರೆ ಪಕ್ಕದ ಬೀಗದಂಗಡಿಯವನು ತನ್ನ ಪತ್ರಿಕೆಯ ಬಣ್ಣದ ಹಾಳೆಯನ್ನೂ ನನಗೇ ಕೊಡುತ್ತಾನೆ, ಗ್ರಂಥಾಲಯದ ಪತ್ರಿಕೆಯದ್ದು ಮನೆಯವಳ ಚೀಲದಲ್ಲಿ ಬರುತ್ತದೆ, ಹೀಗಾಗಿ ಒಂದೇ ಕೂಪನ್ನು ಮೂರು ನಾಲ್ಕು ಕೂಡುತ್ತವೆ. ಆದ್ದರಿಂದ ಹದಿನೇಳು ವರ್ಷದಿಂದ ನಾವು ಮನೆಯಿಂದ ಒಟ್ಟಿಗೆ ಹೊರಟು, ಬೀದಿಯ ತಿರುವಿನಲ್ಲಿ ಬೇರೆಯಾಗಿ, ತಮ್ಮ ಅಂಗಡಿಯೊಳಗೆ ಪರಸ್ಪರ ಗುರುತಿಲ್ಲದವರಾಗಿ ಬಂದು ಸಾಲಿನಲ್ಲಿ ನಿಲ್ಲುತ್ತೇವೆ. ಇದು ಸರಿಯಲ್ಲ ಎಂದು ಗೊತ್ತು. ಮನೆಯವಳಿಗೆ ನಟನೆ ಬರುವುದಿಲ್ಲ, ನನ್ನ ಮುಖ ನೋಡಿದರೆ ನಗು ತಡೆಯಲಾರಳು. ಅವಳನ್ನು ಹೊರಗೆ ಚೀಲಗಳ ಕಾವಲಿಗೆ ನಿಲ್ಲಿಸುತ್ತೇವೆ.

ನಮ್ಮ ತಂಡದ ಮುಖ್ಯ ಕಲಾವಿದೆ ಎಂದರೆ ನನ್ನ ಅತ್ತೆ, ಅಂದರೆ ಮನೆಯವಳ ತಾಯಿ. ಎಪ್ಪತ್ತೆಂಟು ವಯಸ್ಸು, ಮಂಡಿನೋವು, ಆದರೆ ಸಾಲಿನಲ್ಲಿ ನಿಂತರೆ ಬೇರೆಯೇ ಹೆಂಗಸು. ನನ್ನ ಹಿಂದೆ ನಿಂತು, ನನ್ನನ್ನು ಜನ್ಮದಲ್ಲಿ ಕಾಣದವರ ಹಾಗೆ ಮಾತಿಗೆಳೆದು, ತಮ್ಮ ಅಳಿಯನ ಬಗ್ಗೆ ನನ್ನ ಹತ್ತಿರವೇ ದೂರು ಹೇಳುತ್ತಾರೆ. “ಒಳ್ಳೇವ್ನೇ ಅನ್ನಿ, ಆದ್ರೆ ಊಟಕ್ಕೆ ಕೂತಾಗ್ಲೂ ಸೂಜಿ ಹುಡುಕ್ತಾ ಇರ್ತಾನೆ, ಗೊರಕೆ ಬೇರೆ” ಎಂದು ಒಮ್ಮೆ ವಿವರವಾಗಿ ಹೇಳಿದಾಗ, ಗುಟ್ಟು ಬಿಡಬಾರದೆಂದು ನಾನೂ “ಅಂಥವರ ಜೊತೆ ಹೇಗೆ ಬಾಳ್ತೀರಮ್ಮ” ಎಂದು ಮರುಗಬೇಕಾಯಿತು. ಮನೆಯಲ್ಲಿ ಎದುರಿಗೆ ಹೇಳಲಾಗದ್ದನ್ನೆಲ್ಲ ಅವರು ತಮ್ಮ ಸಾಲಿನಲ್ಲಿ ಹೇಳಿ ಮುಗಿಸುತ್ತಾರಾದ್ದರಿಂದ ನಮ್ಮ ಮನೆಯಲ್ಲಿ ಅತ್ತೆ ಅಳಿಯಂದಿರ ನಡುವೆ ಒಂದು ದಿನವೂ ಜಗಳವಾಗಿಲ್ಲ.

ಎಳೆಯ ಕಲಾವಿದೆ ನನ್ನ ಮಗಳು. ಅಪ್ಪ ಅನ್ನಬಾರದು, ಅಂಕಲ್ ಅನ್ನಬೇಕು ಎಂದು ಆರನೇ ವಯಸ್ಸಿಗೇ ಹೇಳಿಕೊಟ್ಟೆ. ಮೊದಲ ದಿನವೇ ಅವಳು ಅಜ್ಜಿಯ ಕೈ ಹಿಡಿದು ಬಂದು, ನನ್ನನ್ನು ತಲೆಯೆತ್ತಿ ನೋಡಿ, “ಅಂಕಲ್, ನಿಮ್ಮ ಶರ್ಟಿನ ಗುಂಡಿ ತಪ್ಪಾಗಿ ಹಾಕಿದೀರ” ಎಂದಳು. ನಿಜವಾಗಿಯೂ ತಪ್ಪಾಗಿತ್ತು. ಆ ದಿನ ಅವಳಿಗೆ ಬಿಸ್ಕತ್ತಿನ ಒಂದಿಡೀ ಪೊಟ್ಟಣ ಬಹುಮಾನ ಕೊಟ್ಟೆ, ಬೆನ್ನು ತಟ್ಟಿದೆ. ಅಪ್ಪನನ್ನು ಗುರುತಿಸದೆ ಇರುವುದಕ್ಕೆ ಬಹುಮಾನ ಕೊಟ್ಟ ತಂದೆ ನಾನೊಬ್ಬನೇ ಇರಬೇಕು.

ಆ ಮಗಳು ಈಗ ಕನ್ನಡಕದ ದೊಡ್ಡ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಬಿಳಿ ಕೋಟು ಹಾಕಿಕೊಂಡು ಹೋಗುತ್ತಾಳೆ. ಅದರ ತೋಳು ಉದ್ದವಿತ್ತು, ನಾನೇ ಗಿಡ್ಡ ಮಾಡಿಕೊಟ್ಟೆ. ಹೋದ ತಿಂಗಳ ಮೊದಲ ಶನಿವಾರ ನಾನು ತಮ್ಮೆದುರು ಐದು ಕೂಪನ್ನು ಹರಡಿಕೊಂಡು, ತಮ್ಮ ದೀಪದ ಕೆಂಪು ಬೆಳಕಿನಲ್ಲಿ ಮಿಂದು ನಿಂತಿದ್ದಾಗ, ಅವಳು ತನ್ನ ಕನ್ನಡಕದಂಗಡಿಯ ಮೂವರು ಗೆಳತಿಯರ ಜೊತೆ ಬಂದು ಸಾಲಿನಲ್ಲಿ ನಿಂತಳು. ಅವಳ ಕಣ್ಣು ನನ್ನ ಮೇಲೆ ಬಿದ್ದು, ಅಲ್ಲಿ ಯಾರೂ ಇಲ್ಲವೆಂಬಂತೆ ದಾಟಿ, ಚಾಕಲೇಟಿನ ಕಪಾಟಿಗೆ ಹೋಯಿತು. ದಿನಕ್ಕೆ ಮೂವತ್ತು ಜನರ ದೃಷ್ಟಿ ಅಳೆಯುವ ಹುಡುಗಿಗೆ ಆರಡಿ ದೂರದ ಅಪ್ಪ ಕಾಣಲಿಲ್ಲ. ನನಗೋ ಹೆಮ್ಮೆಯೋ ಹೆಮ್ಮೆ. ಹೇಳದೆ ಕೇಳದೆ ಬಂದು ಇಂಥ ಪಾತ್ರ ಮಾಡುತ್ತಿದ್ದಾಳಲ್ಲ ಎಂದುಕೊಂಡು, ನಾನೂ ಕಡಿಮೆಯಿಲ್ಲವೆಂದು ತೋರಿಸಲು “ಮೇಡಂ, ನಂದು ತಡ ಆಗತ್ತೆ, ನೀವು ಮುಂದೆ ಹೋಗಿ” ಎಂದು ಬಾಗಿ ದಾರಿ ಬಿಟ್ಟೆ. ಅವಳು ನೆಲ ನೋಡಿಕೊಂಡು “ಥ್ಯಾಂಕ್ಸ್ ಅಂಕಲ್” ಎಂದಳು. ಉದ್ದ ಜಡೆಯ ಗೆಳತಿಯೊಬ್ಬಳು ದನಿ ತಗ್ಗಿಸಿದೆನೆಂದುಕೊಂಡು “ಒಂದು ಶಾಂಪೂಗೋಸ್ಕರ ಇಷ್ಟೆಲ್ಲ ಬೇಕಾ, ಇಂಥವ್ರನ್ನ ನೋಡಿದ್ರೆ ಪಾಪ ಅನ್ಸತ್ತೆ” ಎಂದಾಗ ಉಳಿದವರು ನಕ್ಕರು. ನಾನು ಪಾತ್ರದಲ್ಲಿ ಎಷ್ಟು ಮುಳುಗಿದ್ದೆನೆಂದರೆ ನಾನೂ ಸ್ವಲ್ಪ ನಕ್ಕೆ.

ಆ ಸಂಜೆ ಊಟಕ್ಕೆ ಕೂತಾಗ ಅವಳ ಅಭಿನಯವನ್ನು ಎಲ್ಲರೆದುರು ಹೊಗಳಿದೆ. ಅತ್ತೆಗೆ ಅವಳ ಕಣ್ಣು ದಾಟಿದ ರೀತಿಯನ್ನು ಮಾಡಿ ತೋರಿಸಿದೆ, ಇನ್ನು ತಂಡಕ್ಕೆ ಇವಳೇ ಯಜಮಾನಿ ಎಂದೆ. ಯಾವ ಕೂಪನ್ ಬಳಸಿದೆ ಎಂದು ಕೇಳುವುದಕ್ಕೆ ಬಾಯಿ ತೆರೆದವನು ಅಲ್ಲೇ ನಿಂತೆ. ಅವಳ ಕೈಯಲ್ಲಿ ಕೂಪನ್ ಇರಲಿಲ್ಲ. ಪೂರ್ತಿ ಬೆಲೆ ಕೊಟ್ಟು ಶಾಂಪೂ ಕೊಂಡು, ತಮ್ಮ ದೀಪ ಹತ್ತಿಸದೆ, ಗಂಟೆ ಹೊಡೆಸದೆ ಹೊರಗೆ ಹೋಗಿದ್ದಳು. ಕೂಪನ್ನೇ ಇಲ್ಲದ ಮೇಲೆ ಆ ನಟನೆ ಯಾರಿಗಾಗಿ ಎಂಬುದು ನನಗೆ ಹೊಳೆದದ್ದೂ, ನನಗೆ ಹೊಳೆಯಿತೆಂದು ಅವಳಿಗೆ ಗೊತ್ತಾದದ್ದೂ ಒಂದೇ ಗಳಿಗೆಯಲ್ಲಿ. ಅವಳು ಚಮಚ ಕೆಳಗಿಟ್ಟು ಎದ್ದು ಹೋದಳು. ನನಗೆ ತುಂಬಾ ನೋವಾಯಿತು. ಅವಳ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ, ಪಾಠ ಹೇಳಿಕೊಟ್ಟವನೂ ನಾನೇ, ಬಿಸ್ಕತ್ತು ಕೊಟ್ಟವನೂ ನಾನೇ. ಮಾಡಿದ್ದುಣ್ಣೋ ಮಹರಾಯ ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದಾದ ಮೇಲೆ ಮೂರು ವಾರ ನಾನು ಮರ್ಯಾದಸ್ಥನಾಗಿದ್ದೆ. ಫೈಲನ್ನು ಬೀರುವಿನ ಮೇಲಿಟ್ಟು, ಬರಿಗೈಯಲ್ಲಿ ಬಂದು, ಪೂರ್ತಿ ಬೆಲೆಗೆ ಕೊಂಡೆ. ಆಗ ತಾವು ನನ್ನನ್ನು ನಡೆಸಿಕೊಂಡ ರೀತಿ ನೆನಪಿದೆಯೇ? ದೀಪವಿಲ್ಲ, ಗಂಟೆಯಿಲ್ಲ, “ಧನ್ಯವಾದಗಳು, ಮತ್ತೆ ಬನ್ನಿ” ಎಂಬ ಪಿಸುಮಾತು ಮಾತ್ರ. ಹಾಲಿನ ಮಹನೀಯರು ನನ್ನತ್ತ ನೋಡಿ ತಲೆಯಾಡಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಒಂದು ಟೂತ್‌ಪೇಸ್ಟಿನ ಪೂರ್ತಿ ಬೆಲೆಗೆ ಬಂದುಬಿಟ್ಟಿತು. ಆದರೆ ಬೆಳಿಗ್ಗೆ ಹಲ್ಲುಜ್ಜುವಾಗ ಆ ಪೇಸ್ಟಿಗೆ ರುಚಿಯೇ ಇರಲಿಲ್ಲ. ಮನೆಯಲ್ಲಿ ಮಗಳು ನನ್ನ ಜೊತೆ ತುಂಬಾ ಮರ್ಯಾದೆಯಿಂದ ಮಾತಾಡುತ್ತಿದ್ದಳು, ನೀರು ಬೇಕಾ, ಫ್ಯಾನ್ ಹಾಕಲಾ ಎಂದು ಕೇಳುತ್ತಿದ್ದಳು, ಅದು ಬೈಯುವುದಕ್ಕಿಂತ ಕಷ್ಟವಾಗಿತ್ತು. ಕೊನೆಗೆ ಅತ್ತೆಯೇ ಬೀರುವಿನ ಮುಂದೆ ನಿಂತು “ಅಳಿಯಂದ್ರೇ, ಸೋಪಿನ ಪುಡಿ ಅರ್ಧ ಬೆಲೆಗೆ, ಗುರುವಾರ ಕೊನೇ ದಿನ. ನಾನು ಹೋಗೋದಂತೂ ಹೋಗ್ತೀನಿ, ನನ್ನ ಮಂಡಿ ನೋಡಿ ಅಯ್ಯೋ ಅನ್ಸಿದ್ರೆ ನೀವೂ ಬನ್ನಿ” ಎಂದರು.

ಗುರುವಾರ ಸಂಜೆ ಹೀಗೆ ಹೊರಟೆವು. ಮನೆಯವಳು ಹೊರಗೆ, ನಾನು ತಮ್ಮೆದುರು, ನನ್ನ ಹಿಂದೆ ಅತ್ತೆ, ಅವರ ಹಿಂದೆ ವಿಧಿಲಿಖಿತವೆಂಬಂತೆ ಹಾಲಿನ ಮಹನೀಯರು. ಅವರಾಚೆ ನೋಡಿದರೆ ಬಿಳಿ ಕೋಟು. ಮಗಳು ಕೆಲಸದಿಂದ ನೇರ ಬಂದಿದ್ದಳು, ಜೊತೆಗೆ ಅದೇ ಉದ್ದ ಜಡೆಯವಳು. ಮಗಳ ಕೈಯಲ್ಲಿ ಸೋಪಿನ ಪುಡಿಯ ಪೊಟ್ಟಣ, ಅದರ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದ ಒಂದು ಕೂಪನ್ನು. ಅದು ನಾನು ಕತ್ತರಿಸಿದ್ದಲ್ಲ ಎಂದು ಅಷ್ಟು ದೂರದಿಂದಲೇ ತಿಳಿಯಿತು. ಚುಕ್ಕಿಗೆರೆ ಒಂದು ಕಡೆ, ಅಂಚು ಒಂದು ಕಡೆ. ಎಲ್ಲಿಂದಲೋ ಹುಡುಕಿ, ತಾನೇ ಕತ್ತರಿಸಿ ತಂದಿದ್ದಳು. ಗೆಳತಿಯ ಮುಂದೆ ಅವಳಿಗೆ ಕಷ್ಟವಾಗಬಾರದೆಂದು ನಾನು ಕೂಡಲೇ ಮುಖ ತಿರುಗಿಸಿ, ಛಾವಣಿಯ ಪಂಖ ನೋಡುತ್ತ ಅಂಕಲ್ ಆಗಿ ನಿಂತುಬಿಟ್ಟೆ. ಇನ್ನು ಮುಂದೆಯೂ ಅಂಕಲ್ ಆಗಿಯೇ ಇರಬೇಕಾದರೆ ಇರೋಣ, ಮಗಳು ಕೂಪನ್ನು ಹಿಡಿದು ಬಂದಳಲ್ಲ, ಅಷ್ಟೇ ಸಾಕು ಎಂದು ಮನಸ್ಸಿಗೆ ಹೇಳಿಕೊಂಡು ಚೀಟಿಯನ್ನು ತಮ್ಮ ಬಾಯಿಗಿಟ್ಟೆ.

ತಾವು ತಮ್ಮ ಕರ್ತವ್ಯದಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ದೀಪ ತಿರುಗಿತು, ಗಂಟೆ ಹೊಡೆಯಿತು, ಅಂಗಡಿಯೆಲ್ಲ ಕೇಳುವಂತೆ ತಾವು ನನ್ನನ್ನು ಪರಿಚಯಿಸಿದಿರಿ. ಮೇಲ್ವಿಚಾರಕಿ ಬಂದಳು. ಹಾಲಿನ ಮಹನೀಯರು “ಶುರುವಾಯ್ತಪ್ಪ ಇವ್ರದ್ದು” ಎಂದರು. ಆಗ ಅವರ ಹಿಂದಿನಿಂದ, ತಮ್ಮ ಧ್ವನಿಗಿಂತ ಒಂದು ಕೈ ಮೇಲಾಗಿ, “ಅಪ್ಪಾ, ಆ ಫೈಲ್ ಇಲ್ಲಿ ಕೊಡು, ಆಗಿಂದ ಕಂಕುಳಲ್ಲಿ ಇಟ್ಕೊಂಡಿದೀಯ, ನಾನು ಹಿಡ್ಕೋತೀನಿ” ಎಂಬ ಮಾತು ಬಂತು. ಮಗಳು ಹಾಲಿನವರನ್ನು ದಾಟಿ ಬಂದು ಫೈಲು ತೆಗೆದುಕೊಂಡು, ಉದ್ದ ಜಡೆಯವಳ ಕಡೆ ತಿರುಗಿ, ಕಿವಿ ಕೆಂಪಗಾಗಿದ್ದರೂ ದನಿ ನಡುಗಿಸದೆ, “ಇವ್ರು ನಮ್ಮಪ್ಪ. ಅವತ್ತು ದಾರಿ ಬಿಟ್ರಲ್ಲ, ಇವ್ರೇ” ಎಂದಳು. ಜಡೆಯವಳು ತನ್ನ ಬುಟ್ಟಿಯೊಳಗೆ ಏನೋ ಹುಡುಕತೊಡಗಿದಳು. ಪಾತ್ರ ಬಿಡದವರೆಂದರೆ ಅತ್ತೆ ಒಬ್ಬರೇ, ಯಾರೂ ಕೇಳದಿದ್ದರೂ “ಯಾರಮ್ಮ ನೀನು? ಇವ್ರು ಯಾರೋ ನನಗಂತೂ ಗೊತ್ತೇ ಇಲ್ಲ” ಎಂದು ಮೇಲ್ವಿಚಾರಕಿಗೆ ಪ್ರಮಾಣ ಮಾಡಿ ಹೇಳಿದರು. “ಅಜ್ಜೀ, ಸಾಕು ಬಿಡು” ಎಂದು ಮಗಳು ಅವರ ತೋಳು ಹಿಡಿದಳು.

ಮೇಲ್ವಿಚಾರಕಿ ನಮ್ಮ ಮೂರು ಕೂಪನ್ನುಗಳನ್ನೂ ನಮ್ಮ ಮೂರು ಮೂಗುಗಳನ್ನೂ ನೋಡಿ “ಹಾಗಾದ್ರೆ ನೀವೆಲ್ಲ ಒಂದೇ ಮನೆಯವ್ರಾ?” ಎಂದು ಕೇಳಿದಳು. ಹದಿನೇಳು ವರ್ಷದಿಂದ ಈ ಪ್ರಶ್ನೆಗೆ ನನ್ನಲ್ಲಿ ತಯಾರಾಗಿದ್ದ ಉತ್ತರ ‘ಅಲ್ಲ’ ಎಂಬುದು. ನಾನು “ಹೌದು” ಎಂದೆ, ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆನಂತೆ, ಹೊರಗಿದ್ದ ಮನೆಯವಳಿಗೂ ಕೇಳಿಸಿತಂತೆ. ಎರಡು ಪೊಟ್ಟಣಗಳು ಕಪಾಟಿಗೆ ಹಿಂತಿರುಗಿದವು, ಎರಡು ಕೂಪನ್ನುಗಳನ್ನು ನಮ್ಮ ಕಣ್ಣೆದುರೇ ಹರಿದುಹಾಕಲಾಯಿತು. ಅದರಲ್ಲಿ ಒಂದು ಸೊಟ್ಟಗೆ ಕತ್ತರಿಸಿದ್ದು. ಅದನ್ನಾದರೂ ಉಳಿಸಿಕೊಡಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬೀದಿಯ ತಿರುವಿನವರೆಗಷ್ಟೇ ಅಲ್ಲ, ಮನೆಯವರೆಗೂ ನಾವು ನಾಲ್ವರು ಒಟ್ಟಿಗೇ ನಡೆದೆವು. ನಡುವೆ ಅತ್ತೆ, ಎರಡು ಪೊಟ್ಟಣ ಹೋಯಿತಲ್ಲ ಎಂದು ಮೊಮ್ಮಗಳ ಮೇಲೆ ಗೊಣಗುತ್ತಲೇ ಬಂದರು.

ಆದ್ದರಿಂದ ಮಾನ್ಯರೇ, ನನ್ನ ನಷ್ಟಕ್ಕೆ ಪರಿಹಾರವಾಗಿ ಕೆಲವು ಬೇಡಿಕೆಗಳಿವೆ. ಮೊದಲನೆಯದಾಗಿ, ನ್ಯಾಯ ಎಲ್ಲರಿಗೂ ಒಂದೇ ಎಂಬುದಾದರೆ, ಯಾರಾದರೂ ಬೆಲೆಯ ಚೀಟಿಯನ್ನೂ ನೋಡದೆ ಬುಟ್ಟಿ ತುಂಬಿಸಿ ತಂದಾಗಲೂ ತಾವು ದೀಪ ತಿರುಗಿಸಿ, “ದಯವಿಟ್ಟು ಕಾಯಿರಿ, ಈ ಗ್ರಾಹಕರು ಯೋಚಿಸದೆ ಕೊಳ್ಳುತ್ತಿದ್ದಾರೆ” ಎಂದು ಸಾರಬೇಕು. ಎರಡನೆಯದಾಗಿ, ಕೂಪನ್ ಕೊಟ್ಟ ಗಂಡಸಿನ ಕೆಲಸ ಹೋಗಿಲ್ಲವೆಂದು ತಮ್ಮ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಮೂಡಿಸಬೇಕು, ಜೊತೆಗೆ ನನ್ನ ಅಂಗಡಿಯ ವಿಳಾಸವನ್ನೂ ಮೂಡಿಸಿದರೆ ಬೇಡವೆನ್ನುವುದಿಲ್ಲ. ಇವೆರಡೂ ಆಗದಿದ್ದರೆ ಚಿಂತೆಯಿಲ್ಲ, ಹೇಗೂ ಆಗುವುದಿಲ್ಲವೆಂದು ಬಲ್ಲೆ.

ಆದರೆ ಕೊನೆಯದೊಂದನ್ನು ಮಾತ್ರ ತಾವು ನಡೆಸಿಕೊಡಲೇಬೇಕು. ಗುರುವಾರ ಮೇಲ್ವಿಚಾರಕಿ ಕೀಲಿ ತಿರುಗಿಸಿದಾಗ ತಮ್ಮ ಹೊಟ್ಟೆಯಿಂದ ಒಂದು ಚೀಟಿ ಹೊರಬಂತು. ‘ಕೂಪನ್ ತಿರಸ್ಕೃತ. ಕಾರಣ: ಗ್ರಾಹಕರು ಒಂದೇ ಕುಟುಂಬಕ್ಕೆ ಸೇರಿದವರು’ ಎಂದು ಅದರಲ್ಲಿ ಮುದ್ರಿತವಾಗಿದೆ, ದಿನಾಂಕವಿದೆ, ಸಮಯವಿದೆ. ಅದನ್ನು ಅಂಗಡಿಗೆ ತಂದು ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದೇನೆ. ತಮ್ಮ ಶಾಯಿಗೆ ಬಾಳಿಕೆ ಇಲ್ಲ, ಮೂರೇ ದಿನದಲ್ಲಿ ಅಕ್ಷರ ಮಾಸುತ್ತ ಬಂದಿದೆ. ದಯವಿಟ್ಟು ಅದರ ಇನ್ನೊಂದು ಪ್ರತಿಯನ್ನು ಅಳಿಯದ ಶಾಯಿಯಲ್ಲಿ ಕೊಡಿಸಿ. ಅದು ತಮ್ಮ ಕೈಯಲ್ಲಿ ಆಗದ ಕೆಲಸವಾದರೆ, ಇನ್ನು ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ನಾವು ನಾಲ್ವರೂ, ನಗು ತಡೆಯಲಾರದ ಮನೆಯವಳ ಸಮೇತ, ಒಂದೇ ಸಾಲಿನಲ್ಲಿ ಒಂದೇ ಕೂಪನ್ನಿನ ನಾಲ್ಕು ಪ್ರತಿ ಹಿಡಿದು ಬಂದು ನಿಲ್ಲುತ್ತೇವೆ. ತಾವು ದೀಪ ಹಾಕಿ, ಗಂಟೆ ಹೊಡೆದು, ಊರಿಗೆಲ್ಲ ಕೇಳುವಂತೆ ನಮ್ಮನ್ನು ತಿರಸ್ಕರಿಸಿ, ಹೊಸ ಚೀಟಿ ಕೊಟ್ಟು ಕಳಿಸಿದರೆ ಸಾಕು.

ಅಷ್ಟನ್ನು ಮಾತ್ರ ಪೂರ್ತಿ ಬೆಲೆಗೂ ಕೊಳ್ಳಲು ತಯಾರಿರುವ,

ತಮ್ಮ ವಿಶ್ವಾಸಿ,
ಬೀಗದಂಗಡಿ ಪಕ್ಕದ ದರ್ಜಿ

ತಾ.ಕ.: ಈ ಪತ್ರವನ್ನು ತಮ್ಮ ಅಂಗಡಿಯ ಸಲಹಾ ಪೆಟ್ಟಿಗೆಗೆ ಹಾಕೋಣವೆಂದು ಬಂದೆ. ಅದರ ಸೀಳಿನ ಮೇಲೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಭಿತ್ತಿಪತ್ರವನ್ನು ನಾಲ್ಕೂ ಅಂಚಿಗೆ ಗೋಂದು ಹಚ್ಚಿ ಭದ್ರವಾಗಿ ಅಂಟಿಸಿದ್ದಾರೆ. ಕೆಲಸ ಅಚ್ಚುಕಟ್ಟಾಗಿದೆ, ಕಸುಬುದಾರನಾಗಿ ಮೆಚ್ಚಿದೆ. ಬೇರೆ ದಾರಿ ಕಾಣದೆ ಐದೂ ಹಾಳೆಗಳನ್ನು ಮಡಿಸಿ ತಮ್ಮ ಬಾಯಿಗೇ ತುರುಕುತ್ತಿದ್ದೇನೆ. ಜೀರ್ಣವಾಗದೆ ತಾವೇನಾದರೂ ಕೆಟ್ಟು ನಿಂತರೆ ಸಂಕೋಚ ಬೇಡ. ಆ ಕುರ್ಚಿಗೆ ಮತ್ತೆ ಮುಗುಳ್ನಗುವ ಹೆಣ್ಣುಮಗಳೊಬ್ಬಳು ಬಂದು ಕೂತರೆ ನಾವು ಯಾರೂ ದೂರು ಕೊಡುವುದಿಲ್ಲ.